ಸಿಗಡಿಯ ರೋಗವೂ ವೈರಾಣುವಿನ ವಂಶಲಿಪಿಯೂ

ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಗಂಗೊಳ್ಳಿಯ ಬಳಿ ಕಡಲನ್ನು ಸೇರುವ ಕುಂದಾಪುರದ ಅಳಿವೆಯಿಂದಾಗಲಿ, ಬೈಂದೂರಿನ ತೀರದಿಂದಾಗಲಿ, ಬ್ರಹ್ಮಾವರದ ಸೀಮೆಯ ಸೀತಾನದಿಯ ಉಪ್ಪುನೀರಿನಿಂದಾಗಲಿ ಒಂದು ಚಮಚ ನೀರನ್ನೆತ್ತಿದರೆ, ಅದರಲ್ಲಿ ಕೋಟಿಗಳ ಲೆಕ್ಕದಲ್ಲಿ ವೈರಾಣುಗಳಿರುವುವು. ಇವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಗಳನ್ನು ಮಾತ್ರ ಆಕ್ರಮಿಸತಕ್ಕವು, ಮನುಷ್ಯನ ಗೊಡವೆಗೆ ಬಾರವು.

ಸಿಗಡಿ ಸಾಕುವವರಿಗೆ ಇವುಗಳಿಂದ ಉಪಕಾರವೂ ಉಂಟು. ಕತ್ತಲೆಯಲ್ಲಿ ಮಿನುಗುವ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯವು ಹ್ಯಾಚರಿಗಳಲ್ಲಿ ಸಿಗಡಿಮರಿಗಳನ್ನು ಸಾಮೂಹಿಕವಾಗಿ ಸಂಹರಿಸುವುದಷ್ಟೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮೊದಲಾದ ವಿಜ್ಞಾನಿಗಳು ಆ ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಾಣುವನ್ನು ಬೇರ್ಪಡಿಸಿ, ಆಂಟಿಬಯೋಟಿಕ್ಕುಗಳಿಂದ ಬದುಕಿದುದಕ್ಕಿಂತ ಹೆಚ್ಚು ಮರಿಗಳು ಇದರಿಂದ ಬದುಕಿದವೆಂದು 2006ರಲ್ಲಿ ಪ್ರಕಟಿಸಿದರು.

ಆದರೆ ವೈರಾಣುಗಳೆಲ್ಲ ಇಷ್ಟು ಸಜ್ಜನರಲ್ಲ. ಆಸ್ಟ್ರೇಲಿಯದಲ್ಲಿ ದೊರೆತ, ಸುಮಾರು 43,000 ಅಕ್ಷರಗಳ ವಂಶಲಿಪಿಯುಳ್ಳ (ಜೀನೋಮುಳ್ಳ) ಇನ್ನೊಂದು ವೈರಾಣು, ಇದೇ ಬ್ಯಾಕ್ಟೀರಿಯವನ್ನು ಕೊಲ್ಲದೆ ಅದರೊಳಗೆ ನೆಲೆಸಿ, ನಿರುಪದ್ರವಿಯಾಗಿದ್ದುದನ್ನೇ ಸಿಗಡಿಗೆ ಮಾರಕವಾಗಿಸಿತು. ಆದುದರಿಂದಲೇ ವೈರಾಣುವನ್ನು ತೊಟ್ಟಿಗೆ ಬಿಡುವ ಮುನ್ನ ಅದರ ಜೀನೋಮನ್ನು ಸಮಗ್ರವಾಗಿ ಓದಿ, ವಿಷವನ್ನು ತಯಾರಿಸುವ ವಂಶವಾಹಿಗಳಾಗಲಿ, ಆತಿಥೇಯ ಬ್ಯಾಕ್ಟೀರಿಯದಲ್ಲಿ ಅಡಗಿ ಕೂರಲು ನೆರವಾಗುವ ವಂಶವಾಹಿಗಳಾಗಲಿ ಅಲ್ಲಿಲ್ಲವೆಂದು ಮೊದಲು ನಿಶ್ಚಯಿಸಿಕೊಳ್ಳಬೇಕಾಗುವುದು.