ಮೈಬಿಸಿ ಬರೆದರು, ಹೊರಟ ಹೊತ್ತು ಬಿಟ್ಟರು

ಕೊರೊನಾ ಲಾಕ್‌ಡೌನ್ ಬಳಿಕ 2020ರ ಜೂನ್ 8ರಿಂದ ಕರ್ನಾಟಕದ ಹೋಟೆಲು, ದೇವಸ್ಥಾನಗಳ ಬಾಗಿಲು ಮತ್ತೆ ತೆರೆದವು. ಎಷ್ಟೋ ಕಡೆ ಸ್ಯಾನಿಟೈಸರ್ ಪಕ್ಕದಲ್ಲೇ ಒಂದು ರಿಜಿಸ್ಟರ್, ಅದಕ್ಕೆ ದಾರ ಕಟ್ಟಿದ ಪೆನ್ನು. ಹೆಸರು, ಊರು, ಮೊಬೈಲ್ ನಂಬರ್, ಮೈಬಿಸಿ. ಹೊರಟ ಹೊತ್ತು ಬರೆಯಲು ಮಾತ್ರ ಕಾಲಂ ಇರುತ್ತಿದ್ದುದು ಅಪರೂಪ.

ಸೋಂಕಿನ ಜಾಡು ಹಿಡಿಯಲು ಬೇಕಾಗಿದ್ದದ್ದು ಅದೇ. ಕೊರೊನಾ ಸೋಂಕಿತರು ಲಕ್ಷಣ ಕಾಣಿಸುವುದಕ್ಕೆ ಸುಮಾರು ಎರಡು ದಿನ ಮೊದಲೇ ವೈರಸ್ ಹರಡಬಲ್ಲರು. ಆಗ ಮೈಬಿಸಿ ಏನನ್ನೂ ಹೇಳದು. ಯಾರ ಜೊತೆ, ಎಷ್ಟು ಹೊತ್ತು ಒಂದೇ ಗಾಳಿ ಉಸಿರಾಡಿದರು ಎಂಬುದೇ ಲೆಕ್ಕ.

ಚೀನಾದ ಗುವಾಂಗ್‌ಝೌ ನಗರದ ಒಂದು ಹೋಟೆಲು. 2020ರ ಜನವರಿ 24ರ ಮಧ್ಯಾಹ್ನದ ಊಟ. ಹಿಂದಿನ ದಿನವಷ್ಟೇ ವುಹಾನ್‌ನಿಂದ ಬಂದಿದ್ದ ಕುಟುಂಬ ನಡುವಿನ ಮೇಜಿನಲ್ಲಿ, ಅಕ್ಕಪಕ್ಕ ಬೇರೆ ಎರಡು ಕುಟುಂಬ. ಮೇಜುಗಳ ನಡುವೆ ಸುಮಾರು ಒಂದು ಮೀಟರ್ ಅಂತರವಿತ್ತು, ಆದರೆ ಎ.ಸಿ. ಗಾಳಿ ಮೂರೂ ಮೇಜುಗಳ ಮೇಲೆ ಸುತ್ತುತ್ತಿತ್ತು. ವುಹಾನ್‌ನವರ ಜೊತೆ ಒಂದು ಕುಟುಂಬ 53 ನಿಮಿಷ, ಇನ್ನೊಂದು 73 ನಿಮಿಷ ಕೂತಿತ್ತು. ಮೂರೂ ಕುಟುಂಬಗಳಿಂದ ಒಟ್ಟು 10 ಮಂದಿಗೆ ಕೋವಿಡ್ ಬಂತು. ಅದೇ ಮಹಡಿಯಲ್ಲಿ ಉಂಡ ಉಳಿದ ಗಿರಾಕಿಗಳಿಗೆ ಬರಲಿಲ್ಲ. ಯಾರು ಯಾವ ಮೇಜಿನಲ್ಲಿ, ಎಷ್ಟರಿಂದ ಎಷ್ಟರವರೆಗೆ ಕೂತಿದ್ದರೆಂದು ತಿಳಿಯದಿದ್ದರೆ ಈ ಗಂಟು ಬಿಚ್ಚುತ್ತಿರಲಿಲ್ಲ.

ಆಂಧ್ರ, ತಮಿಳುನಾಡುಗಳ ಸುಮಾರು 5.75 ಲಕ್ಷ ಸಂಪರ್ಕಿತರ ಅಧ್ಯಯನ ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಶೇ 70ರಷ್ಟು ಸೋಂಕಿತರಿಂದ ಅವರ ಸಂಪರ್ಕಿತರಲ್ಲಿ ಯಾರಿಗೂ ತಗುಲಿರಲಿಲ್ಲ. ಶೇ 8ರಷ್ಟು ಮಂದಿಯಿಂದಲೇ ಹೊಸ ಸೋಂಕುಗಳಲ್ಲಿ ಶೇ 60ರಷ್ಟು. ಹಾಗಾಗಿ ‘ಇವರಿಂದ ಯಾರಿಗೆ?’ ಎನ್ನುವಷ್ಟೇ ‘ಇವರಿಗೆ ಎಲ್ಲಿ?’ ಎಂದು ಹಿಂದಕ್ಕೆ ಹುಡುಕುವುದೂ ಫಲ ಕೊಡುತ್ತದೆ.

ಹಾಗೆ ಹುಡುಕಲು ಬಂದವರ ದಾಖಲೆ ಬೇಕು; ದಾವಣಗೆರೆ ಜಿಲ್ಲೆಯಲ್ಲಿ ಅದು ಹೊಸದೇನಲ್ಲ. ಚನ್ನಗಿರಿಯ ಅಡಿಕೆ ವ್ಯಾಪಾರದಲ್ಲಿ ರೈತರ ಹೆಸರು, ಚೀಲ, ತೂಕ ಬಿಲ್ ಪುಸ್ತಕಕ್ಕೆ ಏರುತ್ತವೆ. ಹೊನ್ನಾಳಿ, ನ್ಯಾಮತಿ ಕಡೆಯ ಮದುವೆಗಳಲ್ಲಿ ಮುಯ್ಯಿ ಪುಸ್ತಕ: ಬಂದವರ ಹೆಸರು, ಊರು, ಮೊತ್ತ. ಮುಯ್ಯಿ ತೀರಿಸಬೇಕಲ್ಲ, ಸುಳ್ಳು ಹೆಸರು ಬರೆಸುವವರಿಲ್ಲ! ಆದರೆ ಜೊತೆಗೆ ಬಂದ ಹೆಂಡತಿ-ಮಕ್ಕಳು ಯಾರು, ಯಾವ ಪಂಕ್ತಿಯಲ್ಲಿ ಉಂಡರು ಎಂಬುದು ಅದರಲ್ಲಿರದು. ಜಗಳೂರಿನ ಸಂತೆಗಂತೂ ಬಾಗಿಲೇ ಇಲ್ಲ, ರಿಜಿಸ್ಟರ್ ಇಡುವುದೆಲ್ಲಿ? ಅಲ್ಲಿ ಆಶಾ ಕಾರ್ಯಕರ್ತೆ ಮನೆ ಮುಂದೆ ನಿಂತು, “ಸಂತಿಗೆ ಯಾರ ಆಟೊದಾಗ ಹೋಗಿದ್ರಿ ಅಣ್ಣಾ? ಪಕ್ಕದಾಗ ಯಾರು ಕುಂತಿದ್ರು?” ಎಂದು ಕೇಳಬೇಕಿತ್ತು.

ನಂಬಿಕೆಯಿಲ್ಲದಿದ್ದರೆ ಉತ್ತರವೂ ಇಲ್ಲ; ಆ ನಂಬಿಕೆ ಕೆಡಿಸುವಂಥದ್ದೂ ನಡೆಯಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಜಿಲ್ಲಾವಾರು ಪ್ರಕಟಿಸಿತ್ತು. ಜರ್ಮನಿಯ ಮೈನ್ಸ್ ನಗರದಲ್ಲಿ ಪೊಲೀಸರು ಸಾವೊಂದರ ಸಾಕ್ಷಿಗಳನ್ನು ಹುಡುಕಲು ಕೋವಿಡ್ ಸಂಪರ್ಕ ಪತ್ತೆಗೆಂದೇ ಇದ್ದ ‘ಲೂಕಾ’ ಆ್ಯಪ್‌ನ ಗಿರಾಕಿ ಪಟ್ಟಿ ಬಳಸಿದರು. ಕೊನೆಗೆ ಪ್ರಾಸಿಕ್ಯೂಷನ್ ಕಚೇರಿ ಕ್ಷಮೆ ಕೇಳಬೇಕಾಯಿತು.

ಇಂಗ್ಲೆಂಡಿನಲ್ಲಿ ಹೋಟೆಲುಗಳು ಇಂಥ ವಿವರವನ್ನು 21 ದಿನ ಇಟ್ಟುಕೊಳ್ಳಬೇಕಿತ್ತು, ಆಮೇಲೆ ಅಳಿಸಬೇಕಿತ್ತು. ನಮ್ಮಲ್ಲಾದರೆ ಎಲ್ಲರ ಕಣ್ಣಿಗೂ ಬೀಳುವ ರಿಜಿಸ್ಟರಿಗಿಂತ ಒಬ್ಬೊಬ್ಬರಿಗೆ ಒಂದು ಚೀಟಿ, ಬೀಗ ಹಾಕಿದ ಒಂದು ಡಬ್ಬಿ ಸಾಕಿತ್ತು. ಚೀಟಿಯಲ್ಲಿ ಹೆಸರು, ನಂಬರ್, ಬಂದ ಹೊತ್ತು, ಹೊರಟ ಹೊತ್ತು. ಗಡುವು ಮುಗಿದ ಮೇಲೆ ಒಲೆಗೆ.