ಮಳೆಗಾಲ ಮೆಚ್ಚದ ಅಡುಗೆಮನೆ

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವಾಗ ರಸ್ತೆಯ ಇಕ್ಕೆಲದಲ್ಲೂ ಒಂದು ನೋಟ ಮತ್ತೆ ಮತ್ತೆ ಎದುರಾಗುತ್ತದೆ. ಚೊಕ್ಕವಾದ ತಾರಸಿ ಮನೆ. ಅದರ ತಲೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ತಗಡಿನ ಶೀಟು. ಮನೆಗೇ ಕೊಡೆ ಹಿಡಿದ ಹಾಗೆ. ಹೆಂಚಿನ ಮಾಡು ಹಳೇ ಕಾಲದ್ದು, ಆರ್‌ಸಿಸಿ ಹಾಕಿಬಿಟ್ಟರೆ ವರ್ಷ ವರ್ಷ ಹೆಂಚು ಕೈಯಾಡಿಸುವ ಕಾಟ ತಪ್ಪಿತು ಎಂದು ಒಂದು ತಲೆಮಾರು ನಂಬಿತ್ತು. ಬಯಲುಸೀಮೆಗೆ ಹೊಂದುವ ಆ ಚಪ್ಪಟೆ ತಾರಸಿಯ ಮೇಲೆ ಇಲ್ಲಿ ನಾಲ್ಕು ತಿಂಗಳು ನೀರು ನಿಂತಿತು, ಚಾವಣಿ ಸೋರಿತು, ಗೋಡೆ ಬೆವರಿತು. ಕಡೆಗೆ ಇಳಿಜಾರಿನ ಮಾಡೇ ಮರಳಿ ಬಂತು, ಈ ಸಲ ಎರಡು ಮಾಡಿನ ಖರ್ಚಿನಲ್ಲಿ. ತಾರಸಿ ನೋಡಲು ಕೆಟ್ಟದಾಗಿರಲಿಲ್ಲ. ಮಲೆನಾಡಿನ ಮಳೆಯನ್ನು ಕೇಳದೆ ಬಂದದ್ದೇ ಅದರ ತಪ್ಪು. ಅದೇ ಮನೆಗಳ ಒಳಗೆ ಈಗ ಅಡುಗೆಮನೆಯ ಸರದಿ ನಡೆದಿದೆ.

ಇಂದಿನ ಫ್ಯಾಷನ್ನಿನ ಅಡುಗೆಮನೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲ, ಹಿಡಿಯಿಲ್ಲದ ಮಿರುಗುವ ಬಿಳಿ ಬಾಗಿಲುಗಳು, ಬಿಳಿ ಕ್ವಾರ್ಟ್ಜ್ ಕಟ್ಟೆ, ಬಾಗಿಲಿಲ್ಲದ ತೆರೆದ ಶೆಲ್ಫಿನಲ್ಲಿ ಜೋಡಿಸಿದ ಜಾಡಿಗಳು, ಮೇಲೆ ಜಿಪ್ಸಮ್ಮಿನ ಫಾಲ್ಸ್ ಸೀಲಿಂಗ್. ಇದೆಲ್ಲ ಇನ್ನು ಹತ್ತು ಹದಿನೈದು ವರ್ಷಕ್ಕೆ ಹಳತೆನಿಸುವುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಹಳತಾಗುವುದರಲ್ಲಿ ಎರಡು ಬಗೆಯಿದೆ ಎಂಬುದನ್ನು ಗಮನಿಸಬೇಕು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತದೆ ನಮ್ಮ ಗಾದೆ. ನೋಟಕ್ಕೆ ಹಳತಾಗುವುದು ಅಂಥ ದೊಡ್ಡ ನಷ್ಟವಲ್ಲ. ಅಮೆರಿಕದಲ್ಲಿ 1960–70ರ ದಶಕದಲ್ಲಿ ಫ್ರಿಜ್ಜು, ಒಲೆಗಳಿಗೆಲ್ಲ ಬೆಣ್ಣೆಹಣ್ಣಿನ ಹಸಿರು ಬಣ್ಣದ ಹುಚ್ಚು ಹಿಡಿದಿತ್ತು. ಮುಂದೆ ಅದೇ ಬಣ್ಣ ನಗೆಪಾಟಲಾಯಿತು. ಆದರೂ ಆ ಫ್ರಿಜ್ಜುಗಳು ಹಾಲನ್ನು ತಣ್ಣಗೇ ಇಟ್ಟವು. ಊಟಕ್ಕೆ ಹಳತಾಗುವುದು ಬೇರೆ ಮಾತು: ಬಾಗಿಲು ಉಬ್ಬಿ ಮುಚ್ಚದಿರುವುದು, ಕಟ್ಟೆಯ ಕಲೆ ಹೋಗದಿರುವುದು, ಅಡುಗೆ ಮಾಡುವವರು ಆ ಜಾಗವನ್ನೇ ಬಿಟ್ಟು ಬೇರೆಡೆ ಹೋಗುವುದು. ಕಾಫಿ ಸೀಮೆಯಲ್ಲಿ ಹೊಸ ಅಡುಗೆಮನೆಗೆ ಕಾದಿರುವ ಅಪಾಯ ಈ ಎರಡನೆಯದು, ಮತ್ತು ಅದು ಹದಿನೈದು ವರ್ಷದವರೆಗೆ ಕಾಯುವುದೂ ಇಲ್ಲ.

ಏಕೆಂದು ತಿಳಿಯಲು ಹಳೆಯ ಅಡುಗೆಮನೆಯನ್ನು ನೋಡಬೇಕು. ಮಲೆನಾಡಿನ ಹಳೆಯ ಅಡುಗೆಮನೆ ಅಡುಗೆಯ ಜಾಗ ಹೇಗೋ ಹಾಗೆ ಒಣಗಿಸುವ ಯಂತ್ರವೂ ಆಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ, ಬಿತ್ತನೆ ಬೀಜ, ಬಿಸಿಲು ಕಾಣದ ಅಡಿಕೆ, ಏಲಕ್ಕಿ ಎಲ್ಲವೂ ಏರುತ್ತಿದ್ದವು. ಆರಿದ್ರಾ ಮಳೆ ಹಿಡಿದರೆ ಪುನರ್ವಸು, ಪುಷ್ಯ ಮುಗಿಯುವತನಕ ಬಟ್ಟೆಯೂ ಒಣಗದ ಊರಿನಲ್ಲಿ ದಿನವಿಡೀ ಬೆಚ್ಚಗಿದ್ದ ಜಾಗ ಅದೊಂದೇ. ಬೆಂಕಿಪೆಟ್ಟಿಗೆ ಒಲೆಯ ಬದಿಯ ಗೂಡಿನಲ್ಲಿ, ಉಪ್ಪು ಮರದ ಮರಿಗೆಯಲ್ಲಿ, ಬೆಣ್ಣೆ ಬೆಲ್ಲ ನೆಲುವಿನಲ್ಲಿ. ಒಂದೊಂದರ ಜಾಗವನ್ನೂ ಥಂಡಿ, ಇರುವೆ, ಇಲಿಗಳೇ ಗೊತ್ತುಮಾಡಿದ್ದವು. ಒಲೆಯ ಹೊಗೆ ಹೆಂಚಿನ ಸಂದಿಯಲ್ಲಿ ಹಾದು ಹೋಗುವಾಗ ತೊಲೆ, ಪಕಾಸಿಗಳಿಗೆ ಮಸಿಯ ಲೇಪ ಕೊಟ್ಟು ಹುಳು ಹತ್ತದಂತೆ ಕಾಯುತ್ತಿತ್ತು. ಇದನ್ನು ಹೊಗಳಿ ಸುಮ್ಮನಾಗುವುದು ಮಾತ್ರ ಅಪ್ರಾಮಾಣಿಕತೆ. ಅದೇ ಹೊಗೆ ಅಡುಗೆ ಮಾಡುವವಳ ಕಣ್ಣಿಗೂ ಎದೆಗೂ ಹೋಗುತ್ತಿತ್ತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವುಗಳು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಲ್ಲಣ ಜೋತುಬಿದ್ದ ಕತ್ತಲೆಯ ಕೋಣೆಯಲ್ಲಿ, ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಊದುಕೊಳವೆ ಊದುವ ಬದುಕಿಗೆ ಯಾರೂ ಮರಳಬೇಕಾಗಿಲ್ಲ. ಒಲೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಒಲೆಯ ಜೊತೆ ಮನೆಯ ಬಿಸಿಯೂ ಹೋಯಿತು, ಥಂಡಿ ಉಳಿಯಿತು. ಹೊಸ ಅಡುಗೆಮನೆಯ ನಕಾಶೆ ಬರೆಯುವವರು ಮರೆಯುವುದು ಈ ಲೆಕ್ಕವನ್ನೇ.

ಮರಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಗಾಳಿಯ ಆರ್ದ್ರತೆ ಶೇ. 65ರ ಆಸುಪಾಸಿನಲ್ಲಿದ್ದರೆ ಮರದಲ್ಲಿ ಸುಮಾರು ಶೇ. 12ರಷ್ಟು ತೇವ ನಿಲ್ಲುತ್ತದೆ, ಆರ್ದ್ರತೆ ಶೇ. 90ಕ್ಕೆ ಏರಿ ವಾರಗಟ್ಟಲೆ ಅಲ್ಲೇ ನಿಂತರೆ ಅದು ಶೇ. 20ರ ಸಮೀಪಕ್ಕೆ ಹೋಗುತ್ತದೆ. ಮರ ಕೊಳೆಸುವ ಶಿಲೀಂಧ್ರ ಕೆಲಸ ಶುರುಮಾಡುವುದು ಸರಿಸುಮಾರು ಆ ಗಡಿಯಿಂದಾಚೆಗೆ. ಮೇಲ್ಮೈಯ ಬೂಷ್ಟು ಅಷ್ಟರವರೆಗೂ ಕಾಯುವುದಿಲ್ಲ. ಹಲಸು, ಹೊನ್ನೆ, ಬೀಟೆಯಂಥ ಗಟ್ಟಿಮರ ಉಬ್ಬಿ ಮತ್ತೆ ಕುಗ್ಗುತ್ತದೆ. ಜನವರಿಗೆ ಬಾಗಿಲು ಸಡಿಲವಾಗಿ, ಜುಲೈಗೆ ಬಿಗಿಯಾಗುವುದು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡು, ಎಂಡಿಎಫ್‌ಗಳ ಕತೆ ಹಾಗಲ್ಲ. ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಮೇಲಿನ ಅಕ್ರಿಲಿಕ್ ಹಾಳೆ ಎಷ್ಟೇ ಮಿರುಗಲಿ, ಸಿಂಕಿನ ಕೆಳಗೆ, ಕೀಲಿನ ತೂತಿನಲ್ಲಿ, ಅಂಚಿನ ಪಟ್ಟಿ ಬಿಟ್ಟ ಕಡೆ ನೀರು ಒಳಗೆ ಹೋಗುತ್ತದೆ. ಇನ್ನು ಮಳೆಯೂ ಎಲ್ಲೆಡೆ ಒಂದೇ ಅಲ್ಲ: ಮೂಡಿಗೆರೆಯ ಜಿಲ್ಲೆಯದೇ ಆದ ಕಡೂರಿಗೆ ಬೀಳುವ ಮಳೆ ಮೂಡಿಗೆರೆಯದಕ್ಕಿಂತ ಬಹಳ ಕಡಿಮೆ. ಮೂಡಿಗೆರೆ, ಕಳಸದ ಕಡೆ ವರ್ಷಕ್ಕೆ 2000 ಮಿ.ಮೀ. ದಾಟುವುದು ಸಾಮಾನ್ಯ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹೀಗಿದ್ದೂ ಕಡೂರಿಗೂ ಕಳಸಕ್ಕೂ ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ತೋರಿಸುವ ಕ್ಯಾಟಲಾಗು ಒಂದೇ.

ಕಟ್ಟೆಯ ಕಲ್ಲಿನಲ್ಲೂ ಇದೇ ಮರೆವು. ಕ್ವಾರ್ಟ್ಜ್ ಎಂದು ಮಾರುವ ಹಲಗೆ ಗಣಿಯಿಂದ ಕೊಯ್ದ ಕಲ್ಲಲ್ಲ, ಶೇ. 90ಕ್ಕೂ ಮಿಕ್ಕ ಕಲ್ಲುಪುಡಿಗೆ ರಾಳ ಬೆರೆಸಿ ಮಾಡಿದ್ದು. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಳಕ್ಕೆ ಕೇಡು ತಪ್ಪಿದ್ದಲ್ಲ. ಕಾದ ಎಣ್ಣೆಯ ಬಾಣಲೆಯನ್ನು, ರೊಟ್ಟಿ ಕಾವಲಿಯನ್ನು ಒಲೆಯಿಂದ ಇಳಿಸಿ ಪಕ್ಕಕ್ಕೆ ಇಡುವುದು ನಮ್ಮ ಅಡುಗೆಯ ಸಹಜ ಚಲನೆ. ಗ್ರಾನೈಟು, ಕಡಪ ಅದನ್ನು ಲೆಕ್ಕಿಸುವುದೇ ಇಲ್ಲ. ಬಿಳಿ ಬಣ್ಣದ್ದು ಇನ್ನೊಂದು ಸ್ವಾರಸ್ಯ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಬಿಸಿಲಿಗೆ ಒಡೆದು ಮಸುಕಾಗುತ್ತದೆ. ಬಟ್ಟೆಯ ಮೇಲಿನ ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುವುದು ಅದಕ್ಕೇ. ಬಿಸಿಲೇ ಇಲ್ಲದ ನಾಲ್ಕು ತಿಂಗಳಲ್ಲಿ ಬಿಳಿ ಕಟ್ಟೆಯ ಕಲೆಯನ್ನು ಮಸುಕು ಮಾಡುವವರಾರು? ಜೊತೆಗೆ ಈ ಹಲಗೆಯ ಹುಟ್ಟಿನಲ್ಲೇ ಒಂದು ನೋವಿದೆ. ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಮಾರಕವೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದರ ಬಳಕೆಯನ್ನೇ ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಆದರೆ ಪ್ರಮಾಣ ಇದಕ್ಕಿಂತ ಕಡಿಮೆ. ತೆರೆದ ಶೆಲ್ಫಿನ ಬಗ್ಗೆ ಹೆಚ್ಚು ಹೇಳುವುದೇ ಬೇಡ: ಉಪ್ಪು ನೀರೊಡೆದು, ಕಾಫಿಪುಡಿ ಗಂಟುಕಟ್ಟಿ, ಹಪ್ಪಳ ಮೆತ್ತಗಾದಾಗ ಮನೆಯವರೇ ಅದಕ್ಕೆ ಬಾಗಿಲು ಹಾಕಿಸುತ್ತಾರೆ.

ಗೋಡೆಯಿಲ್ಲದ ಅಡುಗೆಮನೆಯ ಪರವಾಗಿ ಮಾತ್ರ ಗಟ್ಟಿಯಾದ ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಗೋಡೆ ಬಿದ್ದದ್ದರಿಂದ ಅಡುಗೆ ಮಾಡುವ ಹೆಂಗಸು ಮನೆಯ ಮಾತುಕತೆಗೆ ಬಂದಳು. ನೆಂಟರು ನಗುವಾಗ ಅವಳೊಬ್ಬಳೇ ಒಳಗೆ ಬೇಯುವುದು ತಪ್ಪಿತು. ಇದನ್ನು ಮರೆತ ಅಡುಗೆಮನೆ ಎಷ್ಟು ಜಾಣತನದ್ದಾದರೂ ಸೋಲುತ್ತದೆ ಎನ್ನುವುದಕ್ಕೆ ಜರ್ಮನಿಯ ಫ್ರಾಂಕ್‌ಫರ್ಟ್ ಅಡುಗೆಮನೆಯೇ ಸಾಕ್ಷಿ. ಇಂದಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ ಎನ್ನಬಹುದಾದ ಅದನ್ನು 1926ರಲ್ಲಿ ರೂಪಿಸಿದವರು ಮಾರ್ಗರೇಟೆ ಶೂಟ್ಟೆ-ಲಿಹೊಟ್ಸ್ಕಿ. ಹೆಜ್ಜೆ ಹೆಜ್ಜೆ ಅಳೆದು, ಸುಮಾರು ಆರೂವರೆ ಚದರ ಮೀಟರಿನೊಳಗೆ ಎಲ್ಲವನ್ನೂ ಕೂರಿಸಿದ್ದರು. ಹಿಟ್ಟಿನ ಡಬ್ಬಿಗೆ ಓಕ್ ಮರವನ್ನೇ ಆರಿಸಿದ್ದರು, ಅದರ ಒಗರಿಗೆ ಹುಳು ಬರುವುದಿಲ್ಲವೆಂದು. ಅಂಥವು ಸುಮಾರು ಹತ್ತು ಸಾವಿರ ತಯಾರಾದವು. ಸಾಮಗ್ರಿ ಬಾಳಿತು, ಲೆಕ್ಕ ಬಾಳಲಿಲ್ಲ: ಇಬ್ಬರು ನಿಲ್ಲಲಾಗದ ಆ ಕಿರುಕೋಣೆ ಹೆಂಗಸನ್ನು ಒಂಟಿಯಾಗಿಸಿತು ಎಂಬ ದೂರು ಮುಂದಿನ ದಶಕಗಳಲ್ಲಿ ಎದ್ದಿತು. ಹಾಗಾದರೆ ತೆರೆದ ಅಡುಗೆಮನೆಯೇ ಸರಿಯಲ್ಲವೇ? ಇದಕ್ಕೆ ಉತ್ತರ ಕಾಫಿ ತೋಟದ ಮನೆಗಳ ಹಿಂಬದಿಯಲ್ಲಿದೆ. ಒಳಗೆ ಮಿರುಗುವ ಅಡುಗೆಮನೆ ಇರುವ ಎಷ್ಟೋ ಮನೆಗಳಲ್ಲಿ ಹಿತ್ತಿಲ ಕಡೆ ಶೀಟು ಇಳಿಸಿದ ಇನ್ನೊಂದು ಅಡುಗೆಮನೆ ಇರುತ್ತದೆ. ಕಡುಬಿನ ಹಬೆ, ಒಗ್ಗರಣೆಯ ಘಾಟು, ಮಾಂಸ ಮೀನಿನ ವಾಸನೆ, ಕಳಲೆ ಸುಲಿಯುವ ರಗಳೆ, ಹಲಸಿನಕಾಯಿಯ ಮೇಣ ಎಲ್ಲ ಅಲ್ಲಿ. ಅಕ್ಕಿ ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಲು ಒಂದು ಒಲೆಯೂ ಅಲ್ಲೇ. ಒಳಗಿನದು ಕಾಫಿ ಬಿಸಿಮಾಡುವ ಜಾಗವಾಗಿ ಉಳಿಯುತ್ತದೆ. ನಿಜವಾದ ಕೆಲಸ ಹಿಂದಕ್ಕೆ ಹೋದಾಗ ಕೆಲಸ ಮಾಡುವವಳೂ ಹಿಂದಕ್ಕೇ ಹೋದಳು. ಗೋಡೆ ಕೆಡವಿ ಕೊಟ್ಟ ಮಾತು ಉಳಿಯಲಿಲ್ಲ. ನಡುವೆ ಅಗಲವಾದ ಕಿಟಕಿಯೋ, ಬೇಕೆಂದಾಗ ಸರಿಸುವ ಬಾಗಿಲೋ ಇದ್ದಿದ್ದರೆ ಮಾತೂ ಉಳಿಯುತ್ತಿತ್ತು, ಘಾಟೂ ಅಲ್ಲೇ ನಿಲ್ಲುತ್ತಿತ್ತು.

ಇನ್ನೊಂದು ಆಕ್ಷೇಪ ಸಹಜ. ಹೀಗೆ ನೋಡಿದರೆ ಎಲ್ಲ ಹೊಸತೂ ಒಂದು ಕಾಲದ ಫ್ಯಾಷನ್ನೇ ತಾನೆ? ಹೌದು, ನಿಂತು ಅಡುಗೆ ಮಾಡುವ ಕಟ್ಟೆಯೂ ಗ್ಯಾಸಿನ ಜೊತೆ ಬಂದ ಹೊಸತೇ. ಇಂಡೇನ್ ಗ್ಯಾಸ್ ಕೋಲ್ಕತ್ತದಲ್ಲಿ ಮೊದಲ ಮನೆ ಸೇರಿದ್ದು 1965ರಲ್ಲಿ; ಮಲೆನಾಡಿನ ಒಳಹಳ್ಳಿಗೆ ಅದು ಬರಲು ಇನ್ನೂ ದಶಕಗಳು ಹಿಡಿದವು. ಕಟ್ಟೆ, ಗ್ಯಾಸು, ಸ್ಟೀಲ್ ಪಾತ್ರೆ, ಮಿಕ್ಸಿ ಇವು ಯಾವುವೂ ಹಳತೆನಿಸಲಿಲ್ಲ. ದುಡಿಮೆ ತಗ್ಗಿಸಿದವು, ನೀರಿಗೆ ಹೆದರಲಿಲ್ಲ, ಕೆಟ್ಟರೆ ಪೇಟೆಯಲ್ಲಿ ರಿಪೇರಿಯಾದವು. ಕೊನೆಯ ಗುಣ ಸಣ್ಣದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ ಸೌದೆಯನ್ನೂ ಹೊಗೆಯನ್ನೂ ಕಡಿಮೆ ಮಾಡಿದ ಒಳ್ಳೆಯ ವಿನ್ಯಾಸ. ಆದರೆ ಇಂಥ ಒಲೆಗಳು ಹೊಗೆಕೊಳವೆಯ ಮಸಿ ತೆಗೆಯುವವರಿಲ್ಲದೆ, ಒಡೆದದ್ದನ್ನು ಸರಿಮಾಡುವವರಿಲ್ಲದೆ ಎಷ್ಟೋ ಕಡೆ ಮೂಲೆ ಸೇರಿದವು. ಸದುದ್ದೇಶದ ವಿನ್ಯಾಸಕ್ಕೇ ಹೀಗಾದರೆ, ಕೀಲು ಮುರಿದಾಗ ಕಂಪನಿಯವನು ಬೆಂಗಳೂರಿನಿಂದ ಬರಬೇಕಾದ ಡ್ರಾಯರಿನ ಗತಿಯೇನು?

ಹತ್ತು ವರ್ಷ ಬಂದರೆ ಸಾಕು, ಆಮೇಲೆ ಬದಲಿಸಿದರಾಯಿತು ಎನ್ನುವವರೂ ಇದ್ದಾರೆ. ನಗರದ ಫ್ಲಾಟಿನಲ್ಲಿ ಆ ಮಾತು ನಡೆದೀತು. ಕಾಫಿ ಸೀಮೆಯಲ್ಲಿ ಮನೆಗೆ ಕೈಹಾಕುವುದು ಬೆಲೆ ಬಂದ ವರ್ಷ ಮಾತ್ರ. 1994ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದು ಬೆಲೆ ಜಿಗಿದದ್ದು, ಅದೇ ಕಾಲಕ್ಕೆ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲಿಂಗ್ ಪದ್ಧತಿ ಸಡಿಲಗೊಂಡು ಬೆಳೆಗಾರರ ಕೈಗೆ ನೇರ ಹಣ ಬಂದದ್ದು ಹಿರಿಯರಿಗೆ ನೆನಪಿದೆ. ಆ ದಶಕ ಮುಗಿಯುತ್ತಲೇ ಬೆಲೆ ಕುಸಿದದ್ದೂ ನೆನಪಿದೆ. ಬೆಲೆ ಏರಿದ ವರ್ಷ ಹಾಕಿಸಿದ ಅಡುಗೆಮನೆ ಕೆಡುವ ಹೊತ್ತಿಗೆ ಬೆಲೆ ಎಲ್ಲಿರುತ್ತದೋ ಯಾರು ಬಲ್ಲರು. ನೀರಿಗೆ ಜಗ್ಗದ ಸಾಮಗ್ರಿ ಇಂದು ಸಿಗುತ್ತದಲ್ಲ ಎಂಬ ಮಾತೂ ನಿಜ, ಮತ್ತು ಅದೇ ದಾರಿ. ಐಎಸ್ 710 ಮುದ್ರೆಯ ಪ್ಲೈವುಡ್, ಸ್ಟೀಲ್ ಇಲ್ಲವೇ ಅಲ್ಯೂಮಿನಿಯಂ ಚೌಕಟ್ಟು, ಸಿಂಕಿನ ಕೆಳಗೆ ಬರೀ ಕಲ್ಲಿನ ಗೂಡು, ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿಯಾಡುವ ಸಂದು. ಬಾಗಿಲಿನ ಬಣ್ಣ ಬೇಕಾದ್ದಿರಲಿ. ಅದನ್ನು ಊರಿನ ಬಡಗಿಯೇ ಬದಲಿಸಬಲ್ಲ. ಹೆಂಚಿನ ಮಾಡಿನ ಕೆಳಗೆ ಜಿಪ್ಸಮ್ ಸೀಲಿಂಗ್ ಮಾತ್ರ ಬೇಡವೇ ಬೇಡ: ಹೆಂಚು ಒಡೆದದ್ದು ಕಾಣುವುದಿಲ್ಲ, ಇಲಿ ಸೇರಿದ್ದು ತಿಳಿಯುವುದಿಲ್ಲ, ನೀರು ಕುಡಿದ ಹಲಗೆ ಒಂದು ದಿನ ಸಾರಿನ ಪಾತ್ರೆಯೊಳಗೇ ಇಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಆಗುವುದಕ್ಕೆ ಒಂದು ಸರಳ ಕಾರಣ ಕೆಲಸದ ಕ್ಯಾಲೆಂಡರು. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಹಣ ಆಡುವುದು, ಬಡಗಿ ಗಾರೆಯವರು ಸಿಗುವುದು, ಸಾಮಾನಿನ ಲಾರಿ ತೋಟದ ರಸ್ತೆಗೆ ಇಳಿಯುವುದು ಎಲ್ಲ ಫೆಬ್ರವರಿಯಿಂದ ಮೇ ಒಳಗೆ. ಅಡುಗೆಮನೆಯನ್ನು ಆರಿಸುವುದು, ಅಳೆಯುವುದು, ಹಣ ಕೊಟ್ಟು ಒಪ್ಪಿಕೊಳ್ಳುವುದು ಮೂರೂ ವರ್ಷದ ಅತ್ಯಂತ ಒಣ ದಿನಗಳಲ್ಲಿ ನಡೆಯುತ್ತವೆ. ಆಗ ಎಲ್ಲ ಬೋರ್ಡೂ ಚೆನ್ನ, ಎಲ್ಲ ಬಿಳುಪೂ ಚೆನ್ನ. ಆದ್ದರಿಂದ ನಕಾಶೆಗೆ ಒಪ್ಪಿಗೆ ಕೊಡುವ ಮುನ್ನ ಅಂಗಡಿಯವರಿಂದ ಅಂಗೈ ಅಗಲದ ಬೋರ್ಡಿನ ತುಂಡೊಂದನ್ನು, ಕಟ್ಟೆಯ ಹಲಗೆಯ ತುಂಡೊಂದನ್ನು ಕೇಳಿ ತರಬೇಕು. ಬೋರ್ಡನ್ನು ಎರಡು ದಿನ ಬಕೀಟಿನ ನೀರಿನಲ್ಲಿ ಮುಳುಗಿಸಿಟ್ಟು ದಪ್ಪ ಅಳೆಯಬೇಕು. ಹಲಗೆಯ ಮೇಲೆ ಅರಿಶಿನದ ನೀರು ಸುರಿದು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒರೆಸಿ, ರೊಟ್ಟಿ ಬೇಯಿಸಿ ಇಳಿಸಿದ ಕಾವಲಿಯನ್ನು ಅದರ ಮೇಲೇ ಇಡಬೇಕು.