ಬಾಣಂತಿ ಕೋಣೆಯ ಬಾಗಿಲು

ಶ್ರೀ ಗಿರೀಶ ಕಾಸರವಳ್ಳಿಯವರ ಪ್ರಥಮ ಕಥಾಚಿತ್ರ ‘ಘಟಶ್ರಾದ್ಧ’ 1977ರ ಅತ್ಯುತ್ತಮ ಭಾರತೀಯ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದರ ನವೀಕೃತ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿಯೂ ಪ್ರದರ್ಶಿತವಾಯಿತು. ಡಾ. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಈ ಚಿತ್ರದ ಯಮುನಾ ವೇದಪಾಠಶಾಲೆಯ ಉಡುಪರ ಮಗಳು, ಎಳೆವಯಸ್ಸಿನ ವಿಧವೆ. ಆಕೆ ಗರ್ಭಿಣಿಯಾದಾಗ ಅದಕ್ಕೆ ಕಾರಣನಾದ ಮಾಸ್ತರನು ಕೈಬಿಡುತ್ತಾನೆ. ತಂದೆ ಜೀವಂತ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಊರೆಲ್ಲ ದೂರ ಸರಿದಾಗ ಆಕೆಗೆ ಜೊತೆಯಾಗುವವನು ನಾಣಿಯೆಂಬ ಪುಟ್ಟ ವಿದ್ಯಾರ್ಥಿಯೊಬ್ಬನೇ.

ಇದನ್ನು ನೋಡಿದ ನಮ್ಮವರು “ಇಂಥದು ನಮ್ಮಲ್ಲಿಲ್ಲ” ಎಂದು ಸಮಾಧಾನ ತಾಳುವುದುಂಟು. ಆ ಮಾತಿನಲ್ಲಿ ಸತ್ಯವೂ ಉಂಟು. ನಮ್ಮ ಅನೇಕ ಒಳಪಂಗಡಗಳಲ್ಲಿ ವಿಧವೆಗೆ ಉಡಿಕೆಯ ಅವಕಾಶವಿತ್ತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿದರು. ಹಡೆದ ತಾಯಿ ತನ್ನ ಇಷ್ಟಲಿಂಗವನ್ನು ಒಂದು ದಿನವೂ ತೆಗೆದಿಡಬೇಕಾಗಿಲ್ಲ.

ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ನಮ್ಮ ಮನೆಗಳ ಬಾಣಂತಿ ಕೋಣೆಯನ್ನು ನೆನೆಯೋಣ. ಮುಚ್ಚಿದ ಕಿಟಕಿ, ಹೊರಸಿನ ಕೆಳಗೆ ಕೆಂಡ, ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದ ಅರಿವೆ. (ಗಾಳಿಯಾಡದ ಕೋಣೆಯಲ್ಲಿ ಕೆಂಡವಿಡುವುದು ತಾಯಿ-ಕೂಸುಗಳ ಪ್ರಾಣಕ್ಕೇ ಅಪಾಯ, ಇದನ್ನಂತೂ ಬಿಡಲೇಬೇಕು.) ಅಂಟಿನುಂಡಿ, ಅಳವಿ ಪಾಯಸ ಹೊತ್ತುಹೊತ್ತಿಗೆ ಬರುತ್ತವೆ. ಕುಬಸದ ದಿನ ಹಸಿರು ಸೀರೆ ಉಡಿಸಿ ಹಾಡಿದ ಓಣಿಯ ಹೆಣ್ಣುಮಕ್ಕಳು ತೊಟ್ಟಿಲಿಗೂ ಬರುತ್ತಾರೆ. ಕೂಸು ಯಾರ ಹೋಲಿಕೆಯೆಂದು ಚರ್ಚಿಸಿ ಹೋಗುತ್ತಾರೆ. ಹಡೆದವಳು ಹೇಗಿದ್ದಾಳೆಂದು ಕೇಳುವವರು ವಿರಳ. ವಿಶ್ರಾಂತಿಗೆಂದು ಮುಚ್ಚಿದ ಬಾಗಿಲು ಹತ್ತೊಂಬತ್ತರ ಹುಡುಗಿಗೆ ಸೆರೆಯಾಗುವುದು ಹೀಗೆ. ತವರಿನಲ್ಲಾದರೂ ಅವ್ವನ ಮಡಿಲಿದೆ. ಐದು ತಿಂಗಳಿಗೆ ಕೂಸಿನೊಡನೆ ಗಂಡನ ತೋಟದ ಮನೆ ಸೇರಿದರೆ, ಎಲ್ಲರೂ ಹೊಲಕ್ಕೆ ಹೋದ ಮೇಲೆ ಮಾತಿಗೂ ಒಬ್ಬರಿಲ್ಲ.

ಆಕೆ ಕಾರಣವಿಲ್ಲದೆ ಅತ್ತರೆ, ಕೂಸು ಮಲಗಿದರೂ ತಾನು ನಿದ್ರಿಸದಿದ್ದರೆ, ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ‘ಸೊಕ್ಕು’ ಎನ್ನುವವರಿದ್ದಾರೆ. ದೃಷ್ಟಿ ತೆಗೆಯುವವರೂ ಇದ್ದಾರೆ. ಹೆರಿಗೆಯ ನಂತರದ ಖಿನ್ನತೆ ಒಂದು ಕಾಯಿಲೆ. ‘ಬಾಣಂತಿ ಸನ್ನಿ’ ಎಂದು ಹಿರಿಯರು ಹೆಸರಿಸಿದ್ದು ಅದಕ್ಕಿಂತ ತೀವ್ರವಾದದ್ದು. ಅದಕ್ಕೆ ತಡಮಾಡದೆ ಆಸ್ಪತ್ರೆಯೇ ಬೇಕು. ಎರಡಕ್ಕೂ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ-ಕೂಸುಗಳನ್ನು ಅಗಲಿಸದೆ ಉಪಚರಿಸುವ ವಿಭಾಗವು 2009ರಲ್ಲಿ ಆರಂಭವಾಯಿತು. 2022ರಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಮಾತನಾಡಬಹುದು.

ಅಷ್ಟು ದೂರ ಹೋಗುವ ಮೊದಲೇ ಮನೆಯ ಹೊಸ್ತಿಲಿಗೆ ಬರುವವಳು ಆಶಾ ಕಾರ್ಯಕರ್ತೆ. ಹೆರಿಗೆಯಾದ 42 ದಿನಗಳೊಳಗೆ ಆಕೆ ಹಲವು ಸಲ ಭೇಟಿ ಕೊಡಬೇಕೆಂಬ ನಿಯಮವಿದೆ. ಬಂದು ಕೂಸನ್ನು ತೂಗುತ್ತಾಳೆ, ಪ್ರಶ್ನೆ ಕೇಳುತ್ತಾಳೆ. ಉತ್ತರವನ್ನು ಬಹುಮಟ್ಟಿಗೆ ಅತ್ತೆಯವರೇ ಕೊಟ್ಟುಬಿಡುತ್ತಾರೆ. ಮುಂದಿನ ಸಲ ಆಕೆ ಬಂದಾಗ ಹಿರಿಯರು ಅರ್ಧ ತಾಸು ಹೊರಗಿನ ಕಟ್ಟೆಯ ಮೇಲೆ ಕುಳಿತುಕೊಳ್ಳಲಿ. ಒಳಗೆ ಸೊಸೆ ತಾನೇ ಮಾತನಾಡುತ್ತಾಳೆ.